ಕೈಕಾಲಿಗೆ ತಿಂಡಿ ಬಿಟ್ಟರೆ: ಹಚ್ಚುವ ಮೊದಲು ನೋಡಬೇಕಾದದ್ದು, ನೋಡಿದ ಮೇಲೆ ಹಚ್ಚಬೇಕಾದದ್ದು

ನಮ್ಮ ಕಲಬುರಗಿ ಕಡೆ ತುರಿಕೆಗೆ ‘ತಿಂಡಿ’ ಎನ್ನುತ್ತೇವೆ. ಬೆಂಗಳೂರಿನವರಿಗೆ ಇದು ಗೊತ್ತಿರುವುದಿಲ್ಲ. ಅವ್ವನನ್ನು ಒಮ್ಮೆ ಅಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. “ರಾತ್ರಿ ಆಯ್ತಂದ್ರ ಕೈಕಾಲಿಗಿ ಭಾಳ ತಿಂಡಿ ಬಿಡ್ತಾದ್ರಿ” ಎಂದಳು. “ರಾತ್ರಿ ಹೊತ್ತು ತಿಂಡಿ ಯಾಕಮ್ಮ, ಊಟಾನೇ ಮಾಡಿ” ಎಂದರು ಅವರು.

ನಕ್ಕೆವು, ಸರಿ. ಆದರೆ ಅವ್ವನಿಗೆ ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಅಷ್ಟರಲ್ಲಿ ಮನೆಯಲ್ಲಿ ಬೇವು, ಅರಿಶಿನ, ಬೆಳ್ಳುಳ್ಳಿ, ನಿಂಬೆಹಣ್ಣು, ಯಾರೋ ಕೊಟ್ಟ ಟ್ಯೂಬು ಎಲ್ಲ ಆಗಿಹೋಗಿತ್ತು. ಕೊನೆಗೆ ತುರಿಕೆ ಇಳಿದದ್ದು ಎರಡೇ ಕೆಲಸದಿಂದ. ಬಾಂಡೆ ತಿಕ್ಕುವ ಪೌಡರಿಗೆ ಬರಿಗೈ ಹಾಕುವುದನ್ನು ನಿಲ್ಲಿಸಿದಳು. ದಿನಕ್ಕೆ ನಾಲ್ಕು ಸಲ ವ್ಯಾಸಲಿನ್ ಹಚ್ಚಿಕೊಂಡಳು. ಅಷ್ಟೇ.

ಮನೆಮದ್ದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ತುರಿಕೆ ಯಾವುದರಿಂದ ಎಂದು ನೋಡದೆ ಹಚ್ಚಿದರೆ ಯಾವ ಮದ್ದೂ ಹತ್ತುವುದಿಲ್ಲ. ಹಾಗಾಗಿ ಇಲ್ಲಿ ಹಚ್ಚುವ ಮಾತು ಆಮೇಲೆ, ನೋಡುವ ಮಾತು ಮೊದಲು.

ಮೊದಲ ಹೆಜ್ಜೆ: ಮೂರು ದಿನ ಸುಮ್ನೆ ಗಮನಿಸಿ

ಮೂರೇ ಪ್ರಶ್ನೆ. ಯಾವಾಗ ತುರಿಸುತ್ತದೆ? ಎಲ್ಲಿ ತುರಿಸುತ್ತದೆ? ಮನೆಯಲ್ಲಿ ಇನ್ನಾರಿಗೆ ತುರಿಸುತ್ತದೆ?

ರಾತ್ರಿ ಹಾಸಿಗೆಗೆ ಹೋದ ಮೇಲೆ ಜೋರಾಗುತ್ತದೆ. ಬೆರಳ ಸಂದಿ, ಮಣಿಕಟ್ಟು, ಹೊಕ್ಕಳ ಸುತ್ತ ಸಣ್ಣ ಗುಳ್ಳೆ ಇವೆ. ಮಕ್ಕಳೂ ಕೆರೆದುಕೊಳ್ಳುತ್ತಿದ್ದಾರೆ. ಹಾಗಿದ್ದರೆ ಅದು ಹುರುಕು, ಅಂದರೆ ಕಜ್ಜಿ, ಆಗಿರುವ ಸಂಭವ ಜಾಸ್ತಿ. ಅದಕ್ಕೆ ಎಣ್ಣೆಯಿಂದ ಏನೂ ಆಗದು. ಮುಂದೆ ಬೇರೆಯಾಗಿ ಹೇಳುತ್ತೇನೆ.

ಚರ್ಮ ಒಣಗಿ ಬಿರುಕು ಬಿಟ್ಟಿದೆ, ಸ್ನಾನವಾದ ಅರ್ಧ ಗಂಟೆಯಲ್ಲಿ ತುರಿಕೆ ಶುರು. ಇದು ಬರೀ ಒಣಚರ್ಮ. ಚಳಿಗಾಲದಲ್ಲಿ, ಅದರಲ್ಲೂ ಬೀದರಿನ ಡಿಸೆಂಬರ್ ಥಂಡಿಯಲ್ಲಿ, ಅರ್ಧ ಊರಿಗೆ ಇದೇ ಇರುತ್ತದೆ. ಮನೆಮದ್ದು ಚೆನ್ನಾಗಿ ಕೆಲಸ ಮಾಡುವುದು ಇಲ್ಲಿಯೇ.

ಕಾಲ್ಬೆರಳ ಸಂದಿ ಬೆಳ್ಳಗೆ ನೆನೆದಂತಿದೆ, ವಾಸನೆ ಇದೆ, ಅಥವಾ ಅಂಚು ಕೆಂಪಾದ ಉಂಗುರದಂಥ ಕಲೆ ಇದೆ. ಅದು ಫಂಗಸ್. ಅಂಗೈಯಲ್ಲಿ, ಬೆರಳ ಪಕ್ಕದಲ್ಲಿ ಸಾಬುದಾಣಿಯಂಥ ನೀರುಗುಳ್ಳೆ ಎದ್ದು, ಆಮೇಲೆ ಒಣಗಿ ಸಿಪ್ಪೆ ಬಿಡುತ್ತದೆ. ಅದು ಒಂದು ಬಗೆಯ ಎಕ್ಸಿಮಾ, ಅಂದರೆ ಇಸುಬು. ಬೆವರು, ಸೆಕೆ, ಚಿಂತೆ ಮೂರೂ ಅದನ್ನು ಕೆದಕುತ್ತವೆ. ಮೇ ತಿಂಗಳಲ್ಲಿ ನಮ್ಮಲ್ಲಿ ಮೂರಕ್ಕೂ ಕೊರತೆ ಇರುವುದಿಲ್ಲ ಬಿಡಿ.

ಚರ್ಮದ ಮೇಲೆ ಏನೂ ಇಲ್ಲ, ಗುಳ್ಳೆ ಇಲ್ಲ, ಕಲೆ ಇಲ್ಲ, ಆದರೂ ಅಂಗೈ ಅಂಗಾಲು ತುರಿಸುತ್ತಲೇ ಇದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾರಣ ಒಳಗಿರಬಹುದು. ಲಿವರ್, ಕಿಡ್ನಿ, ಥೈರಾಯ್ಡ್, ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿರುವುದು, ಇವೆಲ್ಲ ಹೀಗೆ ತುರಿಸಬಲ್ಲವು.

ಎರಡನೆಯದು: ನೀರು, ಸಾಬೂನು

ನಮ್ಮ ಬೋರ್‌ವೆಲ್ ನೀರು ಗಡಸು. ಸಾಬೂನು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ. ಬರಲಿ ಎಂದು ಇನ್ನಷ್ಟು ತಿಕ್ಕುತ್ತೇವೆ. ಅದು ತೊಳೆದುಹೋಗದೆ ಚರ್ಮದ ಮೇಲೆ ಉಳಿಯುತ್ತದೆ. ತುರಿಕೆಗೆ ಅರ್ಧ ಕಾರಣ ಅದೇ. ಹಾಗಾಗಿ ಕೈಕಾಲಿಗೆ ಕೆಲವು ದಿನ ಸಾಬೂನು ಬಿಡಿ. ಬಗಲು, ತೊಡೆಸಂದಿ, ಪಾದಕ್ಕೆ ಮಾತ್ರ ಸ್ವಲ್ಪ ಸಾಕು. ಪರಿಮಳದ ಸಾಬೂನು ಬೇಡವೇ ಬೇಡ. ಕಡಲೆಹಿಟ್ಟು ಹಚ್ಚುವ ರೂಢಿ ಇದ್ದವರು ಹಚ್ಚಿಕೊಳ್ಳಬಹುದು, ಆದರೆ ಒಣಗಿಸಿ ಉಜ್ಜಿ ತೆಗೆಯಬೇಡಿ. ಹಸಿ ಇದ್ದಾಗಲೇ ತೊಳೆಯಿರಿ.

ಬಿಸಿನೀರು ಹಾಕಿದರೆ ತುರಿಕೆಗೆ ಎಂಥಾ ಸುಖ ಅನಿಸುತ್ತದೆ ಅಲ್ವಾ? ಆ ಸುಖ ಹತ್ತು ನಿಮಿಷದ್ದು. ಚರ್ಮದಲ್ಲಿದ್ದ ಎಣ್ಣೆಯಂಶ ತೊಳೆದುಹೋಗಿ ಆಮೇಲೆ ಎರಡು ಪಟ್ಟು ತುರಿಸುತ್ತದೆ. ಉಗುರುಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷದ ಸ್ನಾನ, ಅಷ್ಟೇ. ಬೇಸಿಗೆಯಲ್ಲಿ ನಮಗೆ ಬೇರೆಯೇ ಫಜೀತಿ. 42 ಡಿಗ್ರಿ ಬಿಸಿಲಿಗೆ ಮಾಳಿಗೆ ಮೇಲಿನ ಟ್ಯಾಂಕು ಕಾದು, ನಳ ತಿರುಗಿಸಿದರೆ ಗೀಸರ್ ನೀರೇ ಬರುತ್ತದೆ. ರಾತ್ರಿಯೇ ಬಕೆಟ್ ತುಂಬಿಸಿಡಿ, ಬೆಳಿಗ್ಗೆ ಅದರಲ್ಲಿ ಸ್ನಾನ ಮಾಡಿ.

ಮೂರನೆಯದು: ಹಚ್ಚುವುದು

ಇಲ್ಲಿ ಯಾವುದನ್ನು ಹಚ್ಚುತ್ತೀರಿ ಎನ್ನುವುದಕ್ಕಿಂತ ಯಾವಾಗ ಹಚ್ಚುತ್ತೀರಿ ಎನ್ನುವುದು ಮುಖ್ಯ. ಸ್ನಾನ ಮುಗಿದ ಕೂಡಲೇ ಟವೆಲಿನಿಂದ ಒತ್ತಿ ನೀರು ತೆಗೆಯಿರಿ. ಉಜ್ಜಬೇಡಿ. ಚರ್ಮ ಇನ್ನೂ ಸ್ವಲ್ಪ ಹಸಿಯಾಗಿರುವಾಗಲೇ, ಮೂರು ನಿಮಿಷದೊಳಗೆ, ಹಚ್ಚಿ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಒಳಗೆ ನೀರೇ ಇರುವುದಿಲ್ಲ, ಎಣ್ಣೆ ಏನನ್ನು ಹಿಡಿದಿಡಬೇಕು?

ಪೆಟ್ರೋಲಿಯಂ ಜೆಲ್ಲಿ, ಅಂದರೆ ವ್ಯಾಸಲಿನ್‌ನಂಥದ್ದು, ಎಲ್ಲಕ್ಕಿಂತ ಸುರಕ್ಷಿತ. ಪರಿಮಳ ಇಲ್ಲದ್ದು ತನ್ನಿ. ಶುದ್ಧ ಕೊಬ್ಬರಿ ಎಣ್ಣೆಯೂ ಒಳ್ಳೆಯದೇ. ಸಾಸಿವೆ ಎಣ್ಣೆ ಬೇಡ, ಅದು ಚರ್ಮವನ್ನು ಕೆರಳಿಸುತ್ತದೆ. ಔಡಲ ಎಣ್ಣೆ ದಪ್ಪ, ಹಿಮ್ಮಡಿಗೆ ಸರಿ, ಕೈಗೆ ಅಂಟಂಟು. ದಿನಕ್ಕೆ ಒಂದು ಸಲ ಹಚ್ಚಿ ‘ಗುಣ ಕಾಣಲಿಲ್ಲ’ ಎನ್ನುವವರೇ ಜಾಸ್ತಿ. ಕೈ ತೊಳೆದಾಗಲೆಲ್ಲ ಹಚ್ಚಬೇಕು. ರಾತ್ರಿ ದಪ್ಪಗೆ ಹಚ್ಚಿ, ಹಳೆಯ ಹತ್ತಿಯ ಕಾಲುಚೀಲ ಹಾಕಿ ಮಲಗಿ. ಕೈಗೂ ಹಾಗೆಯೇ, ಹತ್ತಿಯ ಗ್ಲೌಸು ಸಿಗದಿದ್ದರೆ ಮಕ್ಕಳ ಶಾಲೆಯ ಹಳೆಯ ಸಾಕ್ಸ್ ಆದೀತು. ನೋಡಿದವರು ನಗುತ್ತಾರೆ, ನಗಲಿ.

ಹಿಮ್ಮಡಿ ಒಡೆದಿದ್ದರೆ ಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಮೆತ್ತಗಾದ ಸತ್ತ ಚರ್ಮವನ್ನು ಹಗುರಾಗಿ ಉಜ್ಜಿ, ಒರೆಸಿ, ಜೆಲ್ಲಿ ತುಂಬಿ. ಬ್ಲೇಡಿನಿಂದ ಕೆತ್ತಬೇಡಿ. ಹತ್ತು ದಿನಕ್ಕೂ ಕೂಡಿಕೊಳ್ಳದಿದ್ದರೆ ಮೆಡಿಕಲ್ ಶಾಪಿನಲ್ಲಿ 10 ಪರ್ಸೆಂಟ್ ಯೂರಿಯಾ ಇರುವ ಕ್ರೀಮು ಸಿಗುತ್ತದೆ. ಗೊಬ್ಬರದ ಯೂರಿಯಾ ಅಲ್ಲ ಮತ್ತೆ! ಕೇಳಿದವರಿದ್ದಾರೆ, ಅದಕ್ಕೇ ಹೇಳಿದೆ. ಆಳವಾದ ಬಿರುಕಿಗೆ ಅದು ಉರಿಯುತ್ತದೆ. ಬಾಯಿ ಕೂಡಿದ ಮೇಲೆ ಹಚ್ಚುವುದು ಒಳ್ಳೆಯದು.

ಶುಗರ್ ಇದ್ದವರಿಗೆ ಒಂದು ಮಾತು. ಪಾದದ ಸ್ಪರ್ಶ ಕಡಿಮೆಯಾಗಿರಬಹುದು, ನೀರು ಎಷ್ಟು ಬಿಸಿ ಎಂದು ಕಾಲಿಗೆ ತಿಳಿಯದೇ ಹೋಗಬಹುದು. ಕಾಲನ್ನು ನೀರಲ್ಲಿ ಇಟ್ಟು ಕೂರುವ ಪದ್ಧತಿಯೇ ನಿಮಗೆ ಬೇಡ. ಬೆರಳ ಸಂದಿಗೆ ಎಣ್ಣೆ, ಜೆಲ್ಲಿ ಹಚ್ಚಬೇಡಿ, ಹಸಿ ನಿಂತು ಫಂಗಸ್ ಬರುತ್ತದೆ.

ತುರಿಕೆ ಏರಿದ ಹೊತ್ತಿಗೆ

ಗಡಿಗೆಯ ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ, ಹಿಂಡಿ, ತುರಿಸುವ ಜಾಗದ ಮೇಲೆ ಹತ್ತು ನಿಮಿಷ ಹಾಕಿ. ತಂಪು ತಾಗಿದರೆ ತುರಿಕೆಯ ಸುದ್ದಿ ಮೆದುಳಿಗೆ ಹೋಗುವುದೇ ಕಡಿಮೆಯಾಗುತ್ತದೆ. ಬರ್ಫವನ್ನು ನೇರವಾಗಿ ಇಡಬೇಡಿ, ಬಟ್ಟೆಯಲ್ಲಿ ಸುತ್ತಿ ಇಡಿ. ಇನ್ನೊಂದು ಉಪಾಯ ಓಟ್ಸ್. ಅಂಗಡಿಯ ಸಾದಾ ಓಟ್ಸನ್ನು ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿ, ಒಂದು ಹಿಡಿ ಪುಡಿಯನ್ನು ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಕಲಸಿ. ನೀರು ಹಾಲಿನಂತಾಗಬೇಕು. ಕೈಕಾಲನ್ನು ಹತ್ತು ಹದಿನೈದು ನಿಮಿಷ ಅದರಲ್ಲಿಡಿ. ಒಣಚರ್ಮಕ್ಕೂ ಎಕ್ಸಿಮಾಕ್ಕೂ ಇದು ಹಿತ. ಆಮೇಲೆ ಜೆಲ್ಲಿ ಹಚ್ಚುವುದನ್ನು ಮರೆಯಬೇಡಿ. ಕ್ಯಾಲಮೈನ್ ಲೋಷನ್ ಸೊಳ್ಳೆ ಕಡಿತಕ್ಕೆ, ಬೆವರುಸಾಲೆಗೆ ಸರಿ. ಒಣಚರ್ಮಕ್ಕೆ ಹಚ್ಚಿದರೆ ಇನ್ನೂ ಒಣಗಿಸುತ್ತದೆ.

ಉಗುರು ಕತ್ತರಿಸಿ. ಚಿಕ್ಕ ಮಾತು, ಆದರೆ ಹುಣ್ಣಾಗುವುದು ತುರಿಕೆಯಿಂದಲ್ಲ, ಉಗುರಿನಿಂದ.

ಸೆಟ್ರಿಜಿನ್ ಮಾತ್ರೆಯನ್ನು ನಮ್ಮಲ್ಲಿ ಪೆಪ್ಪರ್‌ಮೆಂಟಿನಂತೆ ತಿನ್ನುತ್ತಾರೆ. ಪಿತ್ತದ ದದ್ದಿಗೆ ಅದು ಒಳ್ಳೆಯದು, ಒಣಚರ್ಮದ ತುರಿಕೆಗೆ ಅಷ್ಟಕ್ಕಷ್ಟೇ. ನಿದ್ದೆ ಬರಿಸುತ್ತದೆ. ತಿಂದು ಗಾಡಿ ಓಡಿಸಬೇಡಿ. ಕಿಡ್ನಿ ತೊಂದರೆ ಇದ್ದವರು ಕೇಳದೆ ತಿನ್ನಬೇಡಿ.

ನಿಮ್ಮ ಕೈ ಏನು ಕೆಲಸ ಮಾಡುತ್ತದೆ?

ಹೆಚ್ಚಿನ ತುರಿಕೆಯ ಮೂಲ ಇಲ್ಲಿದೆ, ಯಾರೂ ನೋಡುವುದಿಲ್ಲ.

ರೊಟ್ಟಿಯನ್ನೇ ತೆಗೆದುಕೊಳ್ಳಿ. ಕುದಿಯುವ ಎಸರಿನಲ್ಲಿ ಕಲಸಿದ ಜೋಳದ ಹಿಟ್ಟನ್ನು ಬಿಸಿ ಬಿಸಿ ಇದ್ದಾಗಲೇ ನಾದಬೇಕು. ದಿನಕ್ಕೆ ಮೂವತ್ತು ನಲವತ್ತು ರೊಟ್ಟಿ ಬಡಿಯುವ ಕೈಗೆ ಬಿಸಿ, ಹಿಟ್ಟು, ನೀರು ಮೂರೂ ಸೇರಿ ಎಣ್ಣೆಯಂಶ ಉಳಿಯುವುದಿಲ್ಲ. ರೊಟ್ಟಿ ಬಿಡಿ ಎಂದು ಹೇಳಿದರೆ ಯಾರು ಕೇಳುತ್ತಾರೆ? ಮೊದಲು ಚಮಚದಿಂದ ಕಲಸಿ, ಸ್ವಲ್ಪ ಆರಿದ ಮೇಲೆ ನಾದಿ. ಕೆಲಸ ಮುಗಿದ ಮೇಲೆ ಬರೀ ನೀರಿನಿಂದ ಹಿಟ್ಟು ತೊಳೆಯಿರಿ, ಸಾಬೂನು ಬೇಕಿಲ್ಲ. ಒರೆಸಿ, ಜೆಲ್ಲಿ ಹಚ್ಚಿ. ಉಂಗುರದ ಕೆಳಗೆ ಹಿಟ್ಟು, ಸಾಬೂನು ಸಿಕ್ಕಿಕೊಂಡು ಅಲ್ಲಿಂದಲೇ ತುರಿಕೆ ಶುರುವಾಗುವುದುಂಟು. ಉಂಗುರ ತೆಗೆದಿಡಿ.

ಬಾಂಡೆ ತಿಕ್ಕುವವರು, ಬಟ್ಟೆ ಒಗೆಯುವವರು ರಬ್ಬರ್ ಗ್ಲೌಸು ಹಾಕಿದರೆ ಸಾಲದು, ಒಳಗೆ ತೆಳ್ಳನೆಯ ಹತ್ತಿಯ ಗ್ಲೌಸು ಇರಬೇಕು. ಬರೀ ರಬ್ಬರಿನೊಳಗೆ ಕೈ ಬೆವರಿ ಇನ್ನಷ್ಟು ತುರಿಸುತ್ತದೆ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ತೆಗೆದು ಗಾಳಿ ಆಡಿಸಿ.

ಮೆಣಸಿನಕಾಯಿ ತೊಟ್ಟು ಬಿಡಿಸಿ ಕೈ ಉರಿಯುತ್ತಿದ್ದರೆ ನೀರು ಹಾಕಿ ಪ್ರಯೋಜನವಿಲ್ಲ. ಖಾರದ ಅಂಶ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಅಲ್ಲ. ಮೊದಲು ಅಡುಗೆ ಎಣ್ಣೆ ಹಚ್ಚಿ ತಿಕ್ಕಿ, ಬಟ್ಟೆಯಿಂದ ಒರೆಸಿ, ಆಮೇಲೆ ಸಾಬೂನು.

ಹೊಲದಲ್ಲಿ ದೊಡ್ಡ ಶತ್ರು ಕಾಂಗ್ರೆಸ್ ಕಸ. ಅದರ ಎಲೆಯೂ ಹೂವಿನ ಧೂಳೂ ಕೆಲವರ ಚರ್ಮಕ್ಕೆ ಆಗುವುದೇ ಇಲ್ಲ. ಮೊದಲು ಕೈ, ಆಮೇಲೆ ಕುತ್ತಿಗೆ, ಕಣ್ಣುರೆಪ್ಪೆ, ಹೀಗೆ ಬಟ್ಟೆ ಮುಚ್ಚದ ಜಾಗವೆಲ್ಲ ದಪ್ಪಗಾಗಿ ತುರಿಸುತ್ತದೆ. ಒಮ್ಮೆ ಅಲರ್ಜಿ ಹಿಡಿದರೆ ವರ್ಷ ವರ್ಷವೂ ಮಳೆ ಬಿದ್ದ ಮೇಲೆ ಮರಳಿ ಬರುತ್ತದೆ. ಬರಿಗೈಯಲ್ಲಿ ಕೀಳಬೇಡಿ. ಹೂ ಬಿಡುವ ಮೊದಲೇ, ತುಂಬುತೋಳಿನ ಅಂಗಿ ಹಾಕಿಕೊಂಡು, ಗ್ಲೌಸು ಹಾಕಿ ಕೀಳಿ. ಮನೆಗೆ ಬಂದ ಕೂಡಲೇ ಆ ಬಟ್ಟೆ ಬೇರೆ ಇಟ್ಟು ಸ್ನಾನ ಮಾಡಿ. ತೊಗರಿ ರಾಶಿಯ ಧೂಳಿಗೂ ಕುಸುಬಿ ಮುಳ್ಳಿಗೂ ಇದೇ ಮಾತು.

ಶಹಾಪುರ, ಸುರಪುರದ ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವವರಿಗೆ ಕಾಲ್ಬೆರಳ ಸಂದಿಯೇ ತೊಂದರೆ. ಇಡೀ ದಿನ ಕೆಸರಲ್ಲಿ ನೆನೆದ ಚರ್ಮ ಬೇಗ ಸೋಲುತ್ತದೆ. ಗದ್ದೆಗೆ ಇಳಿಯುವ ಮೊದಲು ಜೆಲ್ಲಿ ಹಚ್ಚಿ. ಹತ್ತಿ ಬಂದ ಮೇಲೆ ಶುದ್ಧ ನೀರಲ್ಲಿ ತೊಳೆದು, ಒಂದೊಂದೇ ಸಂದಿ ಒರೆಸಿ. ಮೊದಲೇ ಫಂಗಸ್ ಇದ್ದವರು ಸಂದಿಗೆ ಜೆಲ್ಲಿ ಹಚ್ಚಬಾರದು.

ಸೇಡಂ, ವಾಡಿ, ಶಹಾಬಾದ್ ಕಡೆ ಸಿಮೆಂಟಿನ ಜತೆ ದುಡಿಯುವವರು ಎಷ್ಟೋ ಜನ. ಹಸಿ ಸಿಮೆಂಟು ಸುಣ್ಣದಷ್ಟೇ ಕ್ಷಾರ, ಚರ್ಮ ಸುಡುತ್ತದೆ. ಅದರಲ್ಲಿರುವ ಕ್ರೋಮಿಯಂ ಅಲರ್ಜಿಯನ್ನೂ ತರುತ್ತದೆ. ಸಂಜೆ ತೊಳೆದರಾಯಿತು ಎನ್ನಬೇಡಿ. ತಾಗಿದ ಕೂಡಲೇ ತೊಳೆಯಿರಿ. ಬೂಟಿನೊಳಗೆ ಹೋಗಿದ್ದರೆ ಬೂಟು ಬಿಚ್ಚಿ.

ಇವನ್ನು ಹಚ್ಚಲೇಬೇಡಿ

ಜಜ್ಜಿದ ಬೆಳ್ಳುಳ್ಳಿ ಕಟ್ಟಿದರೆ ಚರ್ಮ ಬೆಂದು ಬೊಕ್ಕೆ ಏಳುತ್ತದೆ. ಅವ್ವನ ಪಾದದ ಮೇಲೆ ಆ ಕಲೆ ಇನ್ನೂ ಇದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಕಪ್ಪು ಸುಟ್ಟಗಾಯ. ಸುಣ್ಣ, ಸೀಮೆಎಣ್ಣೆ, ಟೂತ್‌ಪೇಸ್ಟು, ನೀರು ಬೆರೆಸದ ಡೆಟ್ಟಾಲು, ಯಾವುದೂ ಬೇಡ. ಅರಿಶಿನ ಮತ್ತು ಬೇವು ಇಷ್ಟು ಕೆಟ್ಟವಲ್ಲ. ಆದರೂ ಕೆಲವರಿಗೆ ಅವುಗಳಿಂದಲೇ ಅಲರ್ಜಿ ಆಗುತ್ತದೆ. ಮೊದಲು ಮೊಣಕೈ ಒಳಗಡೆ ಕಾಸಿನಗಲ ಹಚ್ಚಿ ಎರಡು ದಿನ ನೋಡಿ. ಕಪ್ಪಗೆ ಹತ್ತುವ ರೆಡಿಮೇಡ್ ಮೆಹಂದಿಯಲ್ಲಿ ಕೂದಲ ಬಣ್ಣದ ರಾಸಾಯನಿಕ ಬೆರೆಸಿರುತ್ತಾರೆ, ಮದುವೆ ಮನೆಯಿಂದ ಕೈ ಊದಿಸಿಕೊಂಡು ಬಂದವರಿದ್ದಾರೆ.

ಎಲ್ಲಕ್ಕಿಂತ ಕೆಟ್ಟದ್ದು ಕೇಳದೆ ತಂದ ಟ್ಯೂಬು. ಇದು ನನ್ನದೇ ಕಥೆ. ಕಾಲ ಗಿಣ್ಣಿನ ಹತ್ತಿರ ಎಂಟಾಣೆಯಷ್ಟು ಉಂಗುರ ಎದ್ದಿತ್ತು. ಒಂದು ಮೆಡಿಕಲ್ ಶಾಪಿನಲ್ಲಿ ತೋರಿಸಿದೆ. “ಇದು ಹಚ್ರಿ, ಎರಡು ದಿನಕ್ಕ ಹೋಗ್ತಾದ” ಎಂದರು. ನಿಜ, ಎರಡೇ ದಿನಕ್ಕೆ ತುರಿಕೆ ಮಾಯ. ಟ್ಯೂಬು ಮುಗಿದ ವಾರಕ್ಕೆ ಉಂಗುರ ರೊಟ್ಟಿಯಷ್ಟಾಗಿ ಮರಳಿ ಬಂತು. ಅದರಲ್ಲಿ ಫಂಗಸ್ ಔಷಧದ ಜತೆ ಸ್ಟೆರಾಯ್ಡ್ ಬೆರೆತಿತ್ತು. ಸ್ಟೆರಾಯ್ಡ್ ತುರಿಕೆಯನ್ನು ಮಲಗಿಸುತ್ತದೆ, ಫಂಗಸನ್ನು ಬೆಳೆಯಲು ಬಿಡುತ್ತದೆ. ವಾಸಿಯಾಗಲು ಎರಡು ತಿಂಗಳು ಹಿಡಿಯಿತು. ಟ್ಯೂಬಿನ ಮೇಲೆ ಕ್ಲೊಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂಬ ಹೆಸರಿದ್ದರೆ ಅದು ಸ್ಟೆರಾಯ್ಡ್. ಎಕ್ಸಿಮಾಕ್ಕೆ ಡಾಕ್ಟರ್ ಇದನ್ನೇ ಬರೆಯಬಹುದು, ತಪ್ಪಲ್ಲ. ಫಂಗಸ್‌ಗೆ ನಾವೇ ತಂದು ಹಚ್ಚುವುದು ತಪ್ಪು. ಸಣ್ಣ ಫಂಗಸ್‌ಗೆ ಬರೀ ಕ್ಲೊಟ್ರಿಮಝೋಲ್ ಇರುವ ಕ್ರೀಮು ದಿನಕ್ಕೆ ಎರಡು ಸಲ ಹಚ್ಚಿ. ಕಲೆ ಹೋದ ಮೇಲೂ ಎರಡು ವಾರ ಬಿಡಬೇಡಿ. ಟವೆಲು, ಕಾಲುಚೀಲ ಹಂಚಿಕೊಳ್ಳಬೇಡಿ.

ಹುರುಕು ಆಗಿದ್ದರೆ

ಚರ್ಮದೊಳಗೆ ಸುರಂಗ ಕೊರೆಯುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಇದಕ್ಕೆ ಕಾರಣ. ಹಾಸ್ಟೆಲಿನಿಂದ ಪಂಚಮಿಗೆ, ದಸರಾಕ್ಕೆ ಮನೆಗೆ ಬರುವ ಮಕ್ಕಳ ಜತೆ ಬರುವುದು ಜಾಸ್ತಿ. ಮೊದಲ ಸಲ ತಗುಲಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಅಂದರೆ ತುರಿಸದಿದ್ದವರ ಮೈಯಲ್ಲೂ ಹುಳ ಇರಬಹುದು. ಒಬ್ಬರಿಗೆ ಹಚ್ಚಿ ಉಳಿದವರನ್ನು ಬಿಟ್ಟರೆ ಅದು ಮನೆಯಲ್ಲೇ ಸುತ್ತುತ್ತಿರುತ್ತದೆ.

ಹಿಂದಿನವರು ಗಂಧಕವನ್ನು ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರು. ಅದು ಮೂಢನಂಬಿಕೆ ಅಲ್ಲ, ಗಂಧಕದ ಮುಲಾಮು ಇವತ್ತಿಗೂ ಔಷಧವೇ. ಆದರೆ ಮನೆಯಲ್ಲಿ ಅಂದಾಜಿನ ಮೇಲೆ ಕಲಸಿದರೆ ಚರ್ಮ ಸುಡುತ್ತದೆ. ಈಗ ಡಾಕ್ಟರ್ ಸಾಮಾನ್ಯವಾಗಿ ಬರೆಯುವುದು 5 ಪರ್ಸೆಂಟ್ ಪರ್ಮೆಥ್ರಿನ್ ಕ್ರೀಮು. ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದಿ, ಉಗುರಿನ ಕೆಳಗೆ, ಮರ್ಮಾಂಗ ಒಂದನ್ನೂ ಬಿಡದೆ ಹಚ್ಚಿ, ಎಂಟರಿಂದ ಹನ್ನೆರಡು ಗಂಟೆ ಬಿಟ್ಟು ತೊಳೆಯಬೇಕು. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ವಾರ ಬಿಟ್ಟು ಇನ್ನೊಮ್ಮೆ. ಮನೆಯವರೆಲ್ಲ ಒಂದೇ ರಾತ್ರಿ. ಕೂಸುಗಳಿಗೆ, ಬಸುರಿಯರಿಗೆ ಮಾತ್ರ ಡಾಕ್ಟರನ್ನು ಕೇಳಿಯೇ.

ಮರುದಿನ ಬಟ್ಟೆ, ಚಾದರ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಕೌದಿ ಒಗೆಯುವುದು ಆಗದ ಮಾತು, ಗೊತ್ತು. ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಒಂದು ವಾರ ಮೂಲೆಗಿಡಿ. ಮೈ ಬಿಟ್ಟ ಹುಳ ಎರಡು ಮೂರು ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ. ಹುಳ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಇರುತ್ತದೆ. ಔಷಧ ಕೆಲಸ ಮಾಡಲಿಲ್ಲ ಎಂದು ದಿನಾ ಬಳಿದುಕೊಳ್ಳಬೇಡಿ.

ಮನೆಯಲ್ಲಿ ಕೂರಬಾರದ ಹೊತ್ತು

ಬಸುರಿಯರ ಮಾತು ಮೊದಲು. ಹೊಟ್ಟೆ ಹಿಗ್ಗಿ ಹೊಟ್ಟೆಯ ಮೇಲೆ ತುರಿಸುವುದು ಸಾಮಾನ್ಯ. ಆದರೆ ಆರು ಏಳು ತಿಂಗಳ ಮೇಲೆ ಅಂಗೈ, ಅಂಗಾಲು ತುರಿಸತೊಡಗಿ, ರಾತ್ರಿ ಜೋರಾಗಿ, ಮೈಮೇಲೆ ಗುಳ್ಳೆ ಏನೂ ಇಲ್ಲದಿದ್ದರೆ ಅದು ಲಿವರಿನಿಂದ ಪಿತ್ತರಸ ಸರಿಯಾಗಿ ಹರಿಯದಿರುವುದರ ಗುರುತಿರಬಹುದು. ತಾಯಿಗೆ ತುರಿಕೆಯ ಕಷ್ಟ, ಹೊಟ್ಟೆಯೊಳಗಿನ ಕೂಸಿಗೆ ಜೀವದ ಅಪಾಯ. “ಬಸುರಾದಾಗ ಇದ್ದದ್ದೇ ಬಿಡವ್ವ, ಎಣ್ಣಿ ಹಚ್ಚಕೋ” ಎಂದು ಅತ್ತೆಯೋ ಚಿಗವ್ವನೋ ಹೇಳಿದರೆ ಕೇಳಬೇಡಿ. ಮರುದಿನವೇ ಹೆರಿಗೆ ಡಾಕ್ಟರನ್ನು ಕಾಣಿ. ರಕ್ತದಲ್ಲಿ ಪಿತ್ತದ ಆಮ್ಲ ಮತ್ತು ಲಿವರ್ ಪರೀಕ್ಷೆ ಮಾಡಿಸಲು ಹೇಳುತ್ತಾರೆ.

ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಮುಖ ಕಾಲು ಊತ, ತೂಕ ಇಳಿಯುವುದು ಇದ್ದರೂ ತಡ ಬೇಡ. ಕೆರೆದ ಜಾಗದಲ್ಲಿ ಕೀವು, ಜ್ವರ ಬಂದರೂ ಅಷ್ಟೇ. ಸ್ಪರ್ಶ ತಿಳಿಯದ ಬಿಳಿಚಿದ ಕಲೆ ಇದ್ದರೆ, ತುರಿಸದಿದ್ದರೂ ತೋರಿಸಿ, ಅದು ಕುಷ್ಠದ ಗುರುತಿರಬಹುದು. ಕುಷ್ಠದ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಬೇಗ ಶುರು ಮಾಡಿದರೆ ಪೂರ್ತಿ ವಾಸಿ.

ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಎಂಬ ವಿಷ ಸಿಕ್ಕಿದ್ದು ಆ ಕಡೆಯವರಿಗೆ ನೆನಪಿರುತ್ತದೆ. ಅಂಗೈ ಅಂಗಾಲಲ್ಲಿ ಆಣಿಯಂಥ ಗಟ್ಟಿ ಗಂಟು, ಮೈಮೇಲೆ ಮಳೆಹನಿಯಂಥ ಚುಕ್ಕೆ ಅದರ ಲಕ್ಷಣ. ನೀರು ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ನೀರಿನ ಮೂಲವನ್ನೇ ಬದಲಿಸಬೇಕು.

ಇವು ಯಾವುವೂ ಇಲ್ಲದಿದ್ದರೆ ಮನೆಮದ್ದಿಗೆ ಎರಡು ವಾರ ಕೊಡಿ. ಇಳಿಯದಿದ್ದರೆ ಚರ್ಮರೋಗ ವಿಭಾಗಕ್ಕೆ ಹೋಗಿ. ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಇವೆ. ಬೆಳಿಗ್ಗೆ ಬೇಗ ಹೋದರೆ ಚೀಟಿಯ ಸಾಲು ಚಿಕ್ಕದಿರುತ್ತದೆ. ಆ ದಿನ ಎಣ್ಣೆ, ಅರಿಶಿನ, ಮೆಹಂದಿ ಏನೂ ಹಚ್ಚಿಕೊಂಡು ಹೋಗಬೇಡಿ, ಕೆಳಗಿನ ಚರ್ಮ ಡಾಕ್ಟರಿಗೆ ಕಾಣಬೇಕು. ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಕ್ಯಾರಿಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ. ಬೈಯುತ್ತಾರೆ ಎಂದು ಬಚ್ಚಿಡಬೇಡಿ. ನಾನು ಬಚ್ಚಿಟ್ಟಿದ್ದೆ, ಅದಕ್ಕೇ ಎರಡು ತಿಂಗಳು ಹಿಡಿಯಿತು.